ಹಗ್ಗದ ಇನ್ನೊಂದು ತುದಿ

ಸೊಲ್ಲಾಪುರ ರಸ್ತೆಯ ಟಾಯರ್ ಅಂಗಡಿಯ ಮೇಲಿನ ಆಫೀಸಿನಲ್ಲಿ ಐದು ಜನ. ದ್ರಾಕ್ಷಿ ತೋಟಕ್ಕೆ ಮೊಬೈಲಿನಿಂದಲೇ ನೀರು ಬಿಡುವ, ನಿಲ್ಲಿಸುವ ಆ್ಯಪ್ ಅವರದು. ನಾಲ್ವರು ಗಂಡಸರು, ಐದನೆಯವಳು ಘೋಣಸಗಿಯ ಮೇಘಾ. ಅವಳ ಕುರ್ಚಿಗೆ ‘ಡೆವ್‌ಆಪ್ಸ್ ಎಂಜಿನಿಯರ್’ ಎಂಬ ಚೀಟಿ ಅಂಟಿಸಿದವನು ಆ ನಾಲ್ವರಲ್ಲೊಬ್ಬನಾದ ಮಾಲೀಕ ಸುಧೀರ. ಕೋಡ್ ಬರೆಯುವವರೂ ಅದನ್ನು ನಡೆಸುವವರೂ ಕೂಡಿ ಹೊಣೆ ಹೊರುವ ರೀತಿಗೆ ಆ ಹೆಸರು. ಸುಧೀರನ ಆಫೀಸಿನಲ್ಲಿ ಅದರರ್ಥ ಬೇರೆ: ಕೆಡಿಸುವವರು ನಾಲ್ವರು, ಬೈಸಿಕೊಳ್ಳುವವಳು ಒಬ್ಬಳು. ರೈತರ ಕರೆ ಬರುವ ಆಫೀಸಿನ ಫೋನು ಜೋರಾಪುರ ಪೇಟೆಯ ಅವಳ ಬಾಡಿಗೆ ಕೋಣೆಗೂ ಜೊತೆಗೇ ಹೋಗುತ್ತಿತ್ತು. ಆ ಕೋಣೆಗೆ ಬೇರೆ ಯಾರೂ ಬರುತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಕೋಡ್ ಬರೆಯುವ ಅನೂಪ ಆ್ಯಪಿಗೆ ಹೊಸ ಕೋಡ್ ಏರಿಸಿ ಊಟಕ್ಕೆ ಕೂತ. ಬಬಲೇಶ್ವರದಿಂದ ರೈತ ಮಶಾಕಸಾಬನ ಫೋನ್ ಬಂತು, ಮೇಘಾ ಎತ್ತಿದಳು.

“ಯವ್ವಾ, ನೀರು ನಿಂದ್ರವಲ್ದು! ದ್ರಾಕ್ಷಿ ಬುಡದಾಗ ಎಮ್ಮಿ ಈಜಾಡಬಹುದು, ಬಂದ ನೋಡು!”

“ಮೋಟರ್ ಕೈಲೇ ಬಂದ್ ಮಾಡ್ರಿ ಕಾಕಾ. ಇನ್ನ ಮುಂದೂ ಹಿಂಗಾದ್ರ ಮೊದಲ ಅದನ್ನ ಮಾಡ್ರಿ.”

ಮೇಘಾ ಹಳೆಯ ಕೋಡನ್ನೇ ಮತ್ತೆ ಕೂರಿಸಿದಳು. ಸುಧೀರ ಬಂದವನೇ, “‘ತಪ್ಪು ನಂದು’ ಅಂತ ನೀನ ಅವಗ ಬರದು ಕಳಸು” ಎಂದ.

“ಕೋಡ್ ಬರದಾಂವ ಅನೂಪ ರೀ, ಸರ್. ಫೋನೂ ಅಂವ ಎತ್ತಲಿ.”

“ಚೀಟಿ ನೋಡು. ಅದಕ್ಕ ತಗೊಂಡೀವಿ ನಿನ್ನ.”

ಅನೂಪ ನಕ್ಕ. “ನಾ ಫೋನ್ ಎತ್ತಕೋತ ಕುಂತ್ರ ಕೋಡ್ ಯಾರ ಬರೀತಾರ, ನಿಮ್ಮಪ್ಪನ?”

ಅವಳಪ್ಪ ಪರಸಪ್ಪನಿಗೆ ಊರು ಹೇರಿದ್ದ ಕೆಲಸ ಸತ್ತ ದನ ಎಳೆಯುವುದು. ಒಂದು ದಿನ ಹಗ್ಗದ ಒಂದು ತುದಿಯನ್ನು ದನದ ಮಾಲೀಕನತ್ತ ಚಾಚಿ, ‘ಇದನ್ನ ನೀವ ಹಿಡೀರಿ, ಇಲ್ಲಾಂದ್ರ ಇಲ್ಲೇ ನಾರಲಿ’ ಎಂದಿದ್ದ. ಎರಡು ದಿನ ನಾರಿತು. ಮೂರನೆಯ ದಿನ ಮಾಲೀಕ ಹಗ್ಗ ಹಿಡಿದ. ಆಮೇಲೆ ಊರು ಪರಸಪ್ಪನನ್ನು ಎಳೆಯಲು ಕರೆಯಲಿಲ್ಲ, ಮಾತಿಗೂ ಕರೆಯಲಿಲ್ಲ.

“ನಮ್ಮಪ್ಪ ಬಂದ್ರ ಮೊದಲ ನಿನ್ನ ಕೈಯಾಗ ಹಗ್ಗ ಕೊಡ್ತಾನ” ಎಂದಳು ಮೇಘಾ. ಯಾರಿಗೂ ತಿಳಿಯಲಿಲ್ಲ. ಅವಳೂ ಬಿಡಿಸಿ ಹೇಳಲಿಲ್ಲ. ಕುರ್ಚಿಯ ಚೀಟಿ ಕಿತ್ತಳು, ಫೋನನ್ನು ಐವರ ನಡುವಿನ ಮೇಜಿನ ಮೇಲೆ ಇಟ್ಟಳು. “ಇದು ಇನ್ನ ಇಲ್ಲೇ ಇರತೈತ್ರಿ. ಬ್ಯಾಡಂದ್ರ ನನ್ನ ಕೆಲಸದಿಂದ ತಗೀರಿ.”

ತೆಗೆದರೆ ಇಡೀ ಆ್ಯಪನ್ನು ಬಲ್ಲವರು ಇನ್ನೊಬ್ಬರಿಲ್ಲ. ಸುಧೀರ ಕಿತ್ತ ಚೀಟಿಯನ್ನು ಮುದುರಿ ಕಿಸೆಗೆ ಹಾಕಿಕೊಂಡ.

ಸೋಮವಾರ ಫೋನು ಹೊಡೆದುಕೊಂಡಿತು. ನಾಲ್ವರೂ ಅವಳ ಮುಖ ನೋಡಿದರು. ಕೈ ತಾನಾಗಿ ಮುಂದೆ ಹೋಗುತ್ತಿತ್ತು, ತೊಡೆಯಡಿ ಒತ್ತಿಕೊಂಡಳು. ಸದ್ದು ನಿಂತಿತು. ಮತ್ತೆ ಹೊಡೆದುಕೊಂಡಿತು. ಅನೂಪ ಹಲ್ಲು ಕಡಿಯುತ್ತ ಎತ್ತಿದ. ತಿಕೋಟಾದ ರೈತನೊಬ್ಬ ಕಿವಿ ಹಿಂಡುವ ಹಾಗೆ ಬೈದದ್ದು ಎಲ್ಲರಿಗೂ ಕೇಳಿಸಿತು. ಅನೂಪ ಮೊದಲು ವಾದಿಸಿದ, ಆಮೇಲೆ “ಹೂಂರಿ, ಹೂಂರಿ” ಎಂದ. ಫೋನನ್ನು ಪಕ್ಕಕ್ಕಿಟ್ಟುಕೊಂಡು, ತಾನು ಬರೆದ ಸಾಲುಗಳನ್ನು ತಾನೇ ಸಂಜೆಯವರೆಗೆ ತಿದ್ದಿದ.

ಮೇಘಾಳ ಕಡೆ ತಿರುಗಲಿಲ್ಲ. ಕೆಳಗಿನಿಂದ ಚಹಾ ಬಂತು, ನಾಲ್ಕೇ ಕಪ್ಪು. ಅವಳು ಇಳಿದು ಹೋಗಿ ರಸ್ತೆಯ ಗಾಡಿಯ ಹತ್ತಿರ ನಿಂತು ಕುಡಿದಳು. ಕಿಸೆಯಲ್ಲಿ ಫೋನಿರಲಿಲ್ಲ. ಚಹಾ ಬಿಸಿಯಿತ್ತು.