ಇರ್ಯಾ ರೆಕೊಲಾಳ ಸರೋವರ

ನಮ್ಮೂರಿನ ಒಂದೇ ಒಂದು ಔಷಧಿ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ನಿಂತವಳು ಇರ್ಯಾ ರೆಕೊಲಾ. ಯಾರಿಗೆ ಮೂಲವ್ಯಾಧಿ, ಯಾರ ಮಕ್ಕಳ ತಲೆಯಲ್ಲಿ ಹೇನು, ಪಾದ್ರಿಗೆ ನಿದ್ದೆ ಬರಲು ಎಷ್ಟು ಗುಳಿಗೆ ಬೇಕು ಎಂಬುದೆಲ್ಲ ಅವಳಿಗೆ ಕಂಠಪಾಠ. ಒಂದು ದಿನವೂ ಅವಳು ಯಾರ ಗುಟ್ಟನ್ನೂ ಬಾಯಿಬಿಟ್ಟಿಲ್ಲ. ಆದರೂ ಅವಳೆಂದರೆ ಊರಿಗೆಲ್ಲ ಹೆದರಿಕೆ.

ಅವಳು ನಿವೃತ್ತಳಾದ ಆರನೇ ವರ್ಷ, ಕುಯಿಕ್ಕಾ ಸರೋವರದ ದಂಡೆಯ ಪೈನ್ ಕಾಡನ್ನು ವಸತಿ ವಲಯವಾಗಿ ಬದಲಿಸುವ ಯೋಜನೆಯನ್ನು ನಗರಸಭೆ ಹೊರಡಿಸಿತು. ಐದಂತಸ್ತಿನ ಆರು ಕಟ್ಟಡ, ಮುನ್ನೂರು ಮನೆ. ಕಾಡಿಗೆ ಅಂಟಿಕೊಂಡೇ ಇದೆ ಇರ್ಯಾಳೂ ನಾನೂ ಇರುವ ಹದಿನೇಳು ಮನೆಗಳ ಬೀದಿ. ಅದನ್ನೂ ನಲವತ್ತು ವರ್ಷದ ಕೆಳಗೆ ಅದೇ ಕಾಡು ಕಡಿದೇ ಕಟ್ಟಿದ್ದು. ಆ ಮಾತನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ.

ಇರ್ಯಾ ‘ಸರೋವರ ಮಿತ್ರರು’ ಎಂಬ ಸಂಘ ಕಟ್ಟಿ, ವಿರೋಧದ ಸಹಿಗೆ ಕಾಗದ ಹಿಡಿದು ಮನೆಮನೆ ಹತ್ತಿದಳು. ನನ್ನ ಬಾಗಿಲಿಗೂ ಬಂದಳು.

“ಜನಕ್ಕೂ ಮನೆ ಬೇಕಲ್ವೇನೇ ಇರ್ಯಾ?” ಎಂದೆ.

“ಬೇಕಪ್ಪಾ, ಯಾರು ಬೇಡ ಅಂದ್ರು? ಬೇರೆ ಕಡೆ ಕಟ್ಕೊಳ್ಲಿ.” ಆಮೇಲೆ ಬಹಳ ಕಕ್ಕುಲತೆಯಿಂದ ಕೇಳಿದಳು: “ಆ ಮುಲಾಮು ಹಚ್ಚಿದ್ಮೇಲೆ ಈಗ ಹೇಗಿದೆ?”

ಒಳಗೆ ನಾದಿನಿ ಕಾಫಿ ಕುಡಿಯುತ್ತ ಕೂತಿದ್ದಳು. ನಾನು ಸಹಿ ಹಾಕಿದೆ. ಹದಿನೈದು ದಿನದಲ್ಲಿ ನಾನೂರ ಹನ್ನೆರಡು ಸಹಿ ಬಿದ್ದವು.

ಬರೀ ಸಹಿಯಿಂದ ಏನೂ ಆಗದು, ಸರೋವರದಲ್ಲಿ ಅಪರೂಪದ ಹಕ್ಕಿ ಗೂಡು ಕಟ್ಟಿದ್ದರೆ ಯೋಜನೆ ನಿಲ್ಲಬಹುದು ಎಂದು ಯಾರೋ ವಕೀಲರು ಹೇಳಿದರಂತೆ. ಸರೋವರಕ್ಕೆ ಕುಯಿಕ್ಕಾ ಎಂಬ ನೀರುಹಕ್ಕಿಯ ಹೆಸರಿದೆಯೇ ಹೊರತು, ಇಪ್ಪತ್ತು ವರ್ಷದಿಂದ ಆ ಹಕ್ಕಿಯನ್ನು ಕಂಡವರಿರಲಿಲ್ಲ. ಆದರೆ ಆ ಮೇ ತಿಂಗಳು, ಬೆಳಿಗ್ಗೆ ಆರೂವರೆಗೆ, ರೆಕೊಲಾ ದಂಪತಿಯ ದಂಡೆಯ ಕಡೆಯಿಂದ ಕುಯಿಕ್ಕಾದ ಆ ನೀಳ ಗೋಳು ಕೇಳತೊಡಗಿತು. ಇರ್ಯಾ ಪತ್ರಿಕೆಗೆ ಬರೆದಳು. ನಗರಸಭೆ ಹಕ್ಕಿ ಎಣಿಸಲು ಎನ್ಸಿಯೊ ವೂರೆ ಎಂಬ ಮೆತ್ತಗಿನ ಮನುಷ್ಯನನ್ನು ಕಳಿಸಿತು.

ಜೂನ್‌ನಲ್ಲಿ ಶಾಲೆಯ ಊಟದ ಕೋಣೆಯಲ್ಲಿ ಅಹವಾಲು ಸಭೆ. ಏಲಕ್ಕಿ ಬನ್ನಿನ ಮೂರು ತಟ್ಟೆ ಇರ್ಯಾಳದೇ. ಅವಳ ಗಂಡ ಕೌಕೊ ಊರುಗೋಲು ಹಿಡಿದು ಕೊನೆಯ ಸಾಲಿನಲ್ಲಿ ಕೂತಿದ್ದ. ವಾರಕ್ಕೆ ಹತ್ತು ಮಾತಾಡಿದರೆ ಹೆಚ್ಚು ಎನ್ನುವಂಥ ಆಸಾಮಿ.

ಮೊದಲು ಎದ್ದವಳು ಸಾನ್ನಿ, ಕೌಕೊನ ಕಾಲಿಗೆ ಪಟ್ಟಿ ಕಟ್ಟಲು ಬರುವ ನರ್ಸ್. “ಇಲ್ಲಿ ಬಾಡಿಗೆಗೆ ಒಂದು ಮನೆ ಸಿಗಲ್ಲ. ನಿಮ್ಮನ್ನೆಲ್ಲಾ ನೋಡ್ಕೊಳ್ಳೋಕೆ ದಿನಾ ನಲವತ್ತು ಕಿಲೋಮೀಟರಿಂದ ಬರ್ತೀನಿ. ನಾನೂ ಇಲ್ಲೇ ಇದ್ರೆ ನಿಮ್ಗೇನು ನಷ್ಟ?”

“ನಿನ್ನ ಮೇಲೆ ನಂಗೇನೂ ಇಲ್ಲ ಮಗಳೇ,” ಎಂದಳು ಇರ್ಯಾ. “ನೀನೊಬ್ಳೇ ಬರೋದಾದ್ರೆ ಬಾ.”

ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಸ್ವಲ್ಪ ಮೆಲ್ಲಗೆ.

ಆಮೇಲೆ ಎನ್ಸಿಯೊ ಕಾಗದ ಬಿಡಿಸಿದ. “ಹನ್ನೊಂದು ದಿನ ಕಾದು ಕೂತೆ. ಕೂಗು ಕೇಳಿಸ್ತು. ಸರಿಯಾಗಿ ಆರೂವರೆಗೆ ನಾಲ್ಕು ಕೂಗು, ಆಮೇಲೆ ಒಂದು ಕೆಮ್ಮು, ಮತ್ತೆ ನಾಲ್ಕು ಕೂಗು. ಇಷ್ಟು ಶಿಸ್ತಿನ ಹಕ್ಕೀನ ನಾನು ಜನ್ಮದಲ್ಲಿ ನೋಡಿಲ್ಲ. ಅಂದ್ರೆ, ಇದನ್ನೂ ನೋಡಿಲ್ಲ ಅನ್ನಿ.” ತಲೆ ಕೆರೆದುಕೊಂಡ. “ಒಂದು ಮಾತ್ರ ಅರ್ಥ ಆಗ್ಲಿಲ್ಲ. ಭಾನುವಾರ ಯಾಕೋ ಕೂಗ್ಲಿಲ್ಲ.”

“ಬ್ಯಾಟರಿ ಮುಗಿದಿತ್ತು,” ಎಂದ ಕೌಕೊ.

ಮೊದಲು ಪಾದ್ರಿ ನಕ್ಕರು, ಅವರ ಹಿಂದೆ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಇರ್ಯಾ ಮುಖ ಕೆಂಪಗೆ ಮಾಡಿಕೊಂಡು ಬನ್ನಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು, ಬನ್ನು ಇದ್ದ ಹಾಗೇ.

ಇಬ್ಬರನ್ನೂ ನನ್ನ ಕಾರಿನಲ್ಲೇ ಮನೆಗೆ ಬಿಟ್ಟೆ.

“ಯಾಕೋ ಹಾಗಂದೆ?” ಎಂದು ಇರ್ಯಾ ಹಲ್ಲು ಕಚ್ಚಿ ಕೇಳಿದಳು.

“ಕೇಳಿದ್ರು. ಹೇಳ್ದೆ.”

ಎರಡು ವಾರ ಅವಳು ಗಂಡನ ಜೊತೆ ಮಾತು ಬಿಟ್ಟಳು. ಅದು ಕೌಕೊನ ಗಮನಕ್ಕೆ ಬಂದದ್ದು ಅವಳು ಮತ್ತೆ ಮಾತಾಡಿಸಿದಾಗ.

ಯೋಜನೆ ಪಾಸಾಯಿತು. ನಾನೂರ ಹನ್ನೆರಡು ಸಹಿಗಳ ಮರ್ಯಾದೆಗೆ ಆರು ಕಟ್ಟಡ ಐದಾದವು, ಅಷ್ಟೇ. ಮರು ಜನವರಿಯಲ್ಲಿ ಕೌಕೊ ತನ್ನ ಮನೆಯ ಮೆಟ್ಟಿಲ ಮಂಜುಗಡ್ಡೆಯ ಮೇಲೆ ಜಾರಿ ಸೊಂಟ ಮುರಿದುಕೊಂಡ. ಆಂಬುಲೆನ್ಸ್ ಬರಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಇರ್ಯಾ ಹಿಮದಲ್ಲಿ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ನಾವು ಹೊದಿಸಿದ ಕಂಬಳಿಯನ್ನೆಲ್ಲ ಅವನ ಮೇಲೇ ಎಳೆದಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ವಸಂತದಲ್ಲಿ ಅವಳೇ ಹೋಗಿ ಎರಡನೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಮನೆ ಕಾದಿರಿಸಿದಳು. ಲಿಫ್ಟು ಇದೆ, ಕಿಟಕಿ ತುಂಬ ನೀರು. “ಕೌಕೊ ಕಾಲಿಗೋಸ್ಕರ” ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದಳು. ಕಟ್ಟಡ ಮುಗಿದು ಗಂಡ ಹೆಂಡತಿ ಅಲ್ಲಿಗೆ ಹೋದಾಗ, ಅದರ ಕೆಳಗಿನ ಮನೆಗೆ ಸಾನ್ನಿ ಮಗುವಿನೊಂದಿಗೆ ಬಂದಳು. ಇರ್ಯಾ ಅವಳಿಗೆ ಸೂಪು ಕಳಿಸಿದಳು, ಮಗುವಿನ ಕೆಮ್ಮಿಗೆ ಔಷಧಿ ಹೇಳಿದಳು, ಮಗು ಅವಳನ್ನು ಅಜ್ಜಿ ಅಂತಲೇ ಕರೆಯಿತು.

ಅವರೆಲ್ಲ ಅಲ್ಲಿ ಸೇರಿದ ಹತ್ತು ತಿಂಗಳಿಗೆ ನಗರಸಭೆಯ ಹೊಸ ಪ್ರಕಟಣೆ ಬಂತು: ಬಿಟ್ಟುಹೋಗಿದ್ದ ಆರನೇ ಕಟ್ಟಡವನ್ನು ಎರಡನೆಯದರ ಮುಂದೆ, ನೀರಿನ ಅಂಚಿಗೆ ಕಟ್ಟುವುದು, ಅರವತ್ತು ಮನೆ.

ಇರ್ಯಾ ಕಾಗದ ತೆಗೆದಳು. ಅವಳ ಹೆಸರಿನ ಕೆಳಗೆ ಎರಡನೆಯ ಸಹಿ ಸಾನ್ನಿಯದು.

“ನೀನೂನಾ?” ಎಂದೆ ನಾನು.

“ನಮ್ಮಗು ಬೆಳಿಗ್ಗೆ ಎದ್ದ ತಕ್ಷಣ ನೀರು ನೋಡುತ್ತೆ,” ಎಂದಳು ಸಾನ್ನಿ, ನನ್ನ ಮುಖ ನೋಡದೆ.

ಈ ಸಲ ಹಕ್ಕಿಯ ಅಗತ್ಯ ಬೀಳಲಿಲ್ಲ. ಇನ್ನೂರೈವತ್ತು ಮನೆಗಳ ಮತ ಎಂದರೆ ಸುಮ್ಮನೆಯೇ? ಶರತ್ಕಾಲದ ಹೊತ್ತಿಗೆ ನಗರಸಭೆ ಯೋಜನೆ ಹಿಂತೆಗೆದುಕೊಂಡಿತು. ಲಿಫ್ಟಿನ ಮುಂದೆ ಮೇಜು ಹಾಕಿ ಇರ್ಯಾ ಕೇಕು ಕತ್ತರಿಸಿದಳು, ‘ನಮ್ಮ ಹಳೆಯ ಊರು ಉಳಿಯಿತು’ ಎಂದು ಪುಟ್ಟ ಭಾಷಣವನ್ನೂ ಮಾಡಿದಳು. ಸಹಿ ಹಾಕದೆ ಉಳಿದವನು ಕೌಕೊ ಒಬ್ಬನೇ. ಅವನು ಎರಡು ತುಂಡು ಕೇಕು ತಿಂದು, ಕಾಫಿ ಇನ್ನೂ ಇದೆಯಾ ಎಂದು ಕೇಳಿದ.