ಕಡಲ ಕುದುರೆ ತೋರಿಸುವವರು

ನನ್ನ ಅಣ್ಣ ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ. ಸಮುದ್ರದ ಜೀವಿಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಈ ಮಹಾಶಯ ಸಮುದ್ರ ನೋಡಿದ್ದು ಎರಡೇ ಸಲ, ಅದೂ ಪ್ಯಾಂಟು ಮಡಚಿಕೊಂಡು ದಂಡೆಯಲ್ಲಿ ನಿಂತು. ಅವನ ಪ್ರಯೋಗಾಲಯದ ಕಪಾಟಿನಲ್ಲಿ ಒಂದು ಬಾಟಲಿಯಿತ್ತು. ಅದರೊಳಗೆ ಔಷಧಿ ನೀರಲ್ಲಿ ಮುಳುಗಿಸಿಟ್ಟ ಕುದುರೆ ಮೂತಿಯ ಒಂದು ಪುಟ್ಟ ಮೀನು, ಕಡಲ ಕುದುರೆ, ಬಣ್ಣವೆಲ್ಲ ಹೋಗಿ ಒಣ ಹುಣಸೆ ಸಿಪ್ಪೆಯ ಹಾಗಿತ್ತು. ನನ್ನನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿದ್ದ.

"ಇದರಾಗ ಗಂಡ ಬಸಿರ ಹೊರತೈತಿ, ಗೊತ್ತೇನ್ ನಿನಗ? ಹನ್ನೆರಡ ವರ್ಷ ಆತು ಇದನ್ನ ತೋರ್ಸಿ ಪಾಠ ಮಾಡಾಕತ್ತೇನಿ. ಇದರ ಬಣ್ಣ ಯಾವುದು ಅಂತ ಹುಡುಗರು ಕೇಳಿದ್ರ ಪುಸ್ತಕ ನೋಡಿ ಹೇಳ್ತೇನಿ. ನಾಚಿಕಿ ಬರತೈತಿ ತಂಗಿ. ಒಮ್ಮೆ ಜೀವಂತ ನೋಡಬೇಕು, ಅದರ ಮನ್ಯಾಗ ಹೋಗಿ ನೋಡಬೇಕು" ಅಂದ.

ಅಪ್ಪ ತೀರಿಕೊಂಡ ಮೇಲೆ ಮನೆ ಹೊತ್ತವನು ಅವನು. ನನ್ನ ಮದುವೆ ಮಾಡಿದ, ಅದು ಮುರಿದು ನಾನು ಬ್ಯಾಡಗಿಗೆ ವಾಪಸು ಬಂದಾಗ ಒಂದು ಮಾತೂ ಆಡದೆ ಬಾಗಿಲು ತೆಗೆದ. ತನಗಾಗಿ ಏನನ್ನೂ ಕೇಳದವನು ಇದೊಂದನ್ನು ಕೇಳಿದ್ದ. ಹೇಗಾದರೂ ಮಾಡಿ ಇವನನ್ನು ಕಳಿಸಲೇಬೇಕು ಅಂತ ನಾನು ಹಟ ಹಿಡಿದೆ. ನನ್ನ ಹಟ ನಮ್ಮ ಮನೆಯಲ್ಲಿ ಹೆಸರುವಾಸಿ.

ತೊಂಬತ್ತರ ದಶಕದ ನಡುಭಾಗ ಅದು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಜನರನ್ನು ಸಮುದ್ರದೊಳಗೆ ಇಳಿಸುವ ಮಂದಿ ನಮ್ಮ ದೇಶದಲ್ಲಿ ಆಗ ಬೆರಳೆಣಿಕೆಯಷ್ಟಿದ್ದರು. ಕಾಲೇಜಿಗೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅಣ್ಣ ಇಬ್ಬರ ವಿಳಾಸ ಹುಡುಕಿದ. ನಾನು ಹಾವೇರಿಯ ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ, ಕಾಗದ ಟೈಪು ಮಾಡಿ ಹಾಕಿದವಳು ನಾನೇ. ಇಬ್ಬರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಬರೆದರೆ ತಪ್ಪೆಲ್ಲ ಅವರ ತಲೆಗೆ ಕಟ್ಟಿದಂತಾಗುತ್ತದೆ.

ಮೊದಲನೆಯವರ ಉತ್ತರ ಹದಿನೈದು ದಿನದಲ್ಲೇ ಬಂತು. ಬಣ್ಣದ ಹಾಳೆ, ನಗುವ ಜನ. ಈಜು ಬಾರದಿದ್ದರೂ ಚಿಂತೆಯಿಲ್ಲ, ಬಂದವರಿಗೆ ಕಡಲ ಕುದುರೆ ತೋರಿಸಿಯೇ ತೋರಿಸುತ್ತೇವೆ ಅಂತ ಬರೆದಿದ್ದರು. ಅಣ್ಣ ಓದಿ ಮೂಗು ಮುರಿದ.

"ತೋರ್ಸೇ ತೋರ್ಸ್ತೇವಿ ಅಂದ್ರ? ಅದೇನ ಇವರ ಹಿತ್ತಲದಾಗ ಕಟ್ಟಿದ ಎಮ್ಮೀನ? ಹಿಂಗ ಅನ್ನಾವ್ರನ್ನ ನಂಬಬಾರದು. ಇನ್ನೊಬ್ಬರ ಕಾಗದ ಬರ್ಲಿ, ನೋಡೂಣು."

ಆ ಇನ್ನೊಬ್ಬರ ಕಾಗದ ಬಂದ ದಿನ ನನಗೆ ರಜೆ. ಅಣ್ಣ ರಾಣೆಬೆನ್ನೂರಿಗೆ ಹೋಗಿದ್ದ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ಏನ ಬರದಾರ ಓದು" ಅಂದಳು. ನಾನು ಕನ್ನಡ ಮಾಡುತ್ತಾ ಓದಿದೆ. ಕಡಲ ಕುದುರೆ ಕಾಣುವುದು ನಮ್ಮ ಕೈಯಲ್ಲಿಲ್ಲ, ಕಂಡರೆ ನಿಮ್ಮ ಪುಣ್ಯ ಅಂತಿತ್ತು. ಜೊತೆಗೆ ಎರಡು ಪುಟದ ಫಾರಂ. ಉಬ್ಬಸ ಇದೆಯೇ, ಮೂರ್ಛೆ ಬರುತ್ತದೆಯೇ, ಕಿವಿ ಸೋರುತ್ತದೆಯೇ, ಸೋರಿದ್ದರೆ ಡಾಕ್ಟರ ಸಹಿಯಿಲ್ಲದೆ ನೀರಿಗೆ ಇಳಿಸುವುದಿಲ್ಲ. ಕಟ್ಟಕಡೆಗೆ, ನಿಮಗೇನಾದರೂ ಆದರೆ ಯಾರಿಗೆ ತಿಳಿಸಬೇಕು?

ಅವ್ವನ ಕೈ ಹಿಟ್ಟಿನ ಮೇಲೇ ನಿಂತಿತು.

"ಬಿಡ್ತು ಅನ್ನು! ಹೊಂಟ ಮನಷ್ಯಾಗ ನೀ ಸತ್ತರ ಯಾರಿಗೆ ಹೇಳೂಣು ಅಂತ ಕೇಳ್ತಾರೇನ? ಎಂಥಾ ಮಂದಿ ಇವ್ರು, ನಾಲಿಗ್ಗೆ ಎಲುಬಿಲ್ಲೇನು?"

"ಅದು ಸುಮ್ನ ಬರ್ಸಕೊಳ್ಳೂದು ಅವ್ವಾ, ಎಲ್ಲಾರಿಗೂ ಕೇಳ್ತಾರ" ಅಂದೆ.

"ಎಲ್ಲಾರಿಗೂ ಕೇಳ್ಲಿ, ನನ್ನ ಮಗಗ ಕೇಳೂದು ಬ್ಯಾಡ. ಆ ಮೊದಲ್ನೇವ್ರು ನೋಡು, ಒಂದರೆ ಪ್ರಶ್ನಿ ಕೇಳ್ಯಾರೇನು? ಕನ್ಯಾ ನೋಡಾಕ ಬಂದಾಗ್ಲೂ ಹಂಗ, ಏನೂ ಕೇಳದ ಮನ್ಯಾವ್ರು ಮೆತ್ತಗಿರ್ತಾರ."

ನನ್ನ ಗಂಡನ ಮನೆಯವರೂ ಏನನ್ನೂ ಕೇಳಿರಲಿಲ್ಲ. ಅವ್ವ ಎದ್ದು ಒಂದು ಹಿಡಿ ಉಪ್ಪು, ಐದು ಮೆಣಸಿನಕಾಯಿ ತಂದಳು. ಗೋಡೆಗೆ ತೂಗುಹಾಕಿದ್ದ ಅಣ್ಣನ ಅಂಗಿಗೆ ಮೂರು ಸಲ ನಿವಾಳಿಸಿ, ಆ ಕಾಗದ, ಫಾರಂ ಎರಡರಲ್ಲೂ ಸುತ್ತಿ ಒಲೆಗೆ ಹಾಕಿದಳು. "ಘಾಟ ಬರ್ಲಿಲ್ಲ ನೋಡು, ಎಷ್ಟು ದೃಷ್ಟಿ ಆಗಿತ್ತು ನನ್ನ ಕೂಸಿಗೆ" ಅಂದಳು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಹೊರತು ಖಾರವೆಲ್ಲಿದೆ? ಅದು ಅವ್ವನಿಗೂ ಗೊತ್ತಿತ್ತು.

ಅವ್ವ ಓದು ಬಾರದವಳು, ಅವಳದು ಹೆದರಿಕೆ. ಓದು ಬಂದವಳು ನಾನು ಏನು ಮಾಡಿದೆ? ಅಣ್ಣನ ಬಲಗಿವಿ ಸೋರುತ್ತಿತ್ತು. ಐರಣಿಯಲ್ಲಿ ನಮ್ಮ ಸೋದರಮಾವ ಅವನಿಗೆ ಹೊಳೆಯಲ್ಲಿ ಈಜು ಕಲಿಸಿದ ಬೇಸಿಗೆಯಿಂದ ಅದು ಹಾಗೇ. ಅವ್ವ ಬೆಳ್ಳುಳ್ಳಿ ಎಣ್ಣೆ ಕಾಸಿ ಬಿಡುತ್ತಿದ್ದಳು, ನಾನು ಹತ್ತಿ ಬತ್ತಿ ಹೊಸೆದು ಕೊಡುತ್ತಿದ್ದೆ. ಫಾರಂ ಅವನ ಕೈಗೆ ಸಿಕ್ಕರೆ ಡಾಕ್ಟರ ಹತ್ತಿರ ಹೋಗುತ್ತಾನೆ, ಡಾಕ್ಟರು ಬೇಡ ಅನ್ನುತ್ತಾರೆ, ಹೋಗುವುದೇ ತಪ್ಪುತ್ತದೆ ಅಂತ ನನಗೆ ಆ ಕ್ಷಣವೇ ಹೊಳೆದಿತ್ತು. ಅದಕ್ಕೇ ಒಲೆಯಿಂದ ಅದನ್ನು ಎಳೆಯಲಿಲ್ಲ. ಉರಿಯಲಿ ಬಿಡು ಅಂತ ನೋಡುತ್ತಾ ನಿಂತೆ.

ಅಣ್ಣ ದಿನಾ ಬಂದು ಕೇಳುತ್ತಿದ್ದ. "ಆ ಇನ್ನೊಬ್ಬರ ಕಾಗದ ಬಂತೇನು?"

"ಇಲ್ಲ."

ಒಂದೂವರೆ ತಿಂಗಳು ಹೀಗೇ ಹೇಳಿದೆ. ಕಡೆಗೆ ಅವನೇ ಸೋತು, "ಹೋಗ್ಲಿ ಬಿಡು, ಅವರಿಗೆ ನಮ್ಮಂಥಾವ್ರು ಬ್ಯಾಡೇನೋ. ಈ ಎಮ್ಮಿ ಕಟ್ಟಿದವ್ರ ಕಡೇನ ಹೋಕ್ಕೇನಿ" ಅಂದ. ಅವ್ವ ಬುತ್ತಿ ಕಟ್ಟಿದಳು. ಕದರಮಂಡಲಗಿ ಆಂಜನೇಯನ ಕುಂಕುಮ ಹಚ್ಚಿದಳು. ನಾನು ಬಸ್ ಸ್ಟ್ಯಾಂಡಿನ ತನಕ ಹೋಗಿ, ಮೂರ್ಖಳ ಹಾಗೆ ನಗುತ್ತಾ ಕೈ ಬೀಸಿದೆ.

ಏಳನೇ ದಿನ ಮನೆಗೆ ಬಂದ. ಗೋಡೆ ಹಿಡಿದುಕೊಂಡು ನಡೆಯುತ್ತಿದ್ದ. ಅವನು ಹೇಳಿದ್ದಿಷ್ಟು: ಅಲ್ಲಿ ಅರ್ಧ ತಾಸು ಪಾಠ ಹೇಳಿ ಇಳಿಸಿದರು. ಸೋರುವ ಕಿವಿಗೆ ತಣ್ಣೀರು ನುಗ್ಗಿ ತಲೆ ಗಿರ್ರನೆ ತಿರುಗಿತು. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯದೆ ಇನ್ನೂ ಆಳಕ್ಕೆ ಹೋದ. ಅಲ್ಲಿ ಒಳ್ಳೆಯ ಕಿವಿಯೂ ಟಪ್ಪೆಂದಿತು. ಕಡಲ ಕುದುರೆ ಕಾಣಲಿಲ್ಲ.

ಹುಬ್ಬಳ್ಳಿಯ ಕಿವಿ ಡಾಕ್ಟರಿಗೆ ತೋರಿಸಿದೆವು. ಅವರು ದೀಪ ಹಾಕಿ ನೋಡಿ, ನನ್ನ ಕಡೆ ತಿರುಗಿ, "ಇಂಥಾ ಕಿವಿ ಇಟ್ಟುಕೊಂಡವರನ್ನು ನೀರಿಗೆ ಇಳಿಸಿದವರು ಯಾರಮ್ಮಾ? ಒಂದು ಮಾತು ಕೇಳಲಿಲ್ಲವೇ?" ಅಂದರು. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಗೆ ಹತ್ತಿರ ಬಂದು ಕೂಗಿದರೆ ಅಷ್ಟಿಷ್ಟು ಕೇಳುತ್ತಿತ್ತು.

ಒಂದು ವರ್ಷ ಅವನು ಪಾಠ ಮಾಡಿದ. ಹುಡುಗರು ಪ್ರಶ್ನೆ ಕೇಳುವ ಹಾಗೆ ಬರೀ ತುಟಿ ಆಡಿಸುತ್ತಿದ್ದರಂತೆ, ಅವನು ಹತ್ತಿರ ಹೋಗಿ ಬಗ್ಗಿ "ಏನಪಾ?" ಅನ್ನುತ್ತಿದ್ದನಂತೆ. ಆಮೇಲೆ ಕಾಲೇಜಿನವರು ಅವನನ್ನು ಗ್ರಂಥಾಲಯದಲ್ಲಿ ಕೂರಿಸಿದರು. ಅಯ್ಯೋ, ಮಾತೇ ಬದುಕಾಗಿದ್ದವನು ಪುಸ್ತಕಕ್ಕೆ ಮುದ್ರೆ ಒತ್ತುತ್ತಾ ಕೂತ. ಮಗನ ಮೇಲೆ ಯಾರದೋ ಕಣ್ಣು ಬಿತ್ತು ಅಂತಲೇ ಅವ್ವ ಕಡೆಯತನಕ ನಂಬಿ, ಹಾಗೆ ನಂಬಿಕೊಂಡೇ ತೀರಿಕೊಂಡಳು. ಅವಳ ಪಾಲಿಗೆ ಅದು ಒಳ್ಳೆಯದೇ ಆಯಿತು.

ಅವಳ ತಿಂಗಳ ಪೂಜೆ ಮುಗಿದ ಮರುದಿನ ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಅಣ್ಣ ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿದ್ದ. ಪಕ್ಕ ಕೂತು ಮೆಲ್ಲಗೆ ಹೇಳಿದೆ. ಅವನು ಬಲಗಿವಿಗೆ ಕೈ ಅಡ್ಡ ಹಿಡಿದು, "ಹಾಂ? ಜೋರಾಗಿ ಹೇಳ" ಅಂದ. ಎಂಥ ಶಿಕ್ಷೆ! ಇಷ್ಟು ವರ್ಷ ಉಸಿರೆತ್ತದೆ ಇಟ್ಟುಕೊಂಡಿದ್ದನ್ನು ಓಣಿಯಲ್ಲಿ ಕೂಗಿ ಹೇಳಬೇಕು.

"ಆ ಕಾಗದ ಬಂದಿತ್ತೋ ಅಣ್ಣಾ! ಕಿವಿ ಸೋರತೈತೇನು ಅಂತ ಕೇಳಿದ್ರು! ಅವ್ವ ಸುಟ್ಟಳು, ನಾ ನಿನಗ ಸುಳ್ಳ ಹೇಳಿದೆ!"

ಎದುರು ಮನೆಯ ಅಂಗಳದಲ್ಲಿ ಶ್ಯಾವಿಗೆ ಒಣಹಾಕುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಅಣ್ಣ ಪೇಪರನ್ನು ನಿಧಾನವಾಗಿ ಮಡಚಿದ. ನನ್ನ ತಲೆಯ ಮೇಲೆ ಕೈಯಿಟ್ಟ.

"ನನ್ನ ಕೈಗೆ ಬಂದಿದ್ರೂ ಅಷ್ಟ. ಸೋರೂದಿಲ್ಲ ಅಂತ ನಾನೂ ಸುಳ್ಳ ಬರದು ಕಳಸ್ತಿದ್ದೆ" ಅಂದ.

ಅದು ನಿಜವೋ, ನನ್ನ ಸಮಾಧಾನಕ್ಕೆ ಆಡಿದ ಮಾತೋ ನನಗೆ ಇವತ್ತಿಗೂ ತಿಳಿಯದು. ತಿಳಿಯಬೇಕೆಂದರೆ ಮತ್ತೊಮ್ಮೆ ಕೂಗಿ ಕೇಳಬೇಕಿತ್ತು. ಅವನಿದ್ದಷ್ಟು ದಿನ ನನಗೆ ಆ ಧೈರ್ಯ ಬರಲಿಲ್ಲ.