ಸೊಂಟದ ತಾಯಿತ

ಮದುವೆಯಾಗಿ ನಾಲ್ಕು ವರ್ಷವಾದರೂ ನನಗೆ ಮಕ್ಕಳಾಗಿರಲಿಲ್ಲ. ಯಲಬುರ್ಗಾದ ನಮ್ಮ ಓಣಿಯಲ್ಲಿ ಇದು ನನ್ನೊಬ್ಬಳದೇ ತಪ್ಪು ಎಂಬಂತೆ ಎಲ್ಲರೂ ಮಾತಾಡುತ್ತಿದ್ದರು. ಕೊಪ್ಪಳದ ಡಾಕ್ಟರಮ್ಮ ಮಾತ್ರ ಗಂಡ ಹೆಂಡತಿ ಇಬ್ಬರಿಗೂ ಪರೀಕ್ಷೆ ಬರೆದುಕೊಟ್ಟರು. ನನ್ನ ಗಂಡನದು ಮೊಬೈಲ್ ರಿಪೇರಿ ಅಂಗಡಿ. ಊರವರ ಫೋನೆಲ್ಲ ಬಿಚ್ಚಿ ಒಳಗೇನಾಗಿದೆ ಎಂದು ಹೇಳುವ ಮನುಷ್ಯ, ತನ್ನ ಚೀಟಿಯನ್ನು ಮಾತ್ರ ಮಡಚಿ ಕಪಾಟಿನ ಮೇಲಿಟ್ಟ.

"ನನಗೇನಾಗೈತಿ? ಮೊದಲ ನಿಂದು ಆಗ್ಲಿ," ಅಂದ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ಅವತ್ತು ನುಂಗಿಕೊಂಡೆ. ನನ್ನಲ್ಲೇ ದೋಷವಿದ್ದರೆ ಎಂಬ ಹೆದರಿಕೆ ಸಿಟ್ಟಿಗಿಂತ ದೊಡ್ಡದಿತ್ತು.

ನನ್ನದಕ್ಕೆ ಎಲ್ಲರೂ ಟ್ಯೂಬ್ ಟೆಸ್ಟ್ ಎನ್ನುತ್ತಾರೆ. ಗರ್ಭಕೋಶದೊಳಗೆ ಒಂದು ಔಷಧ ಬಿಟ್ಟು, ಅದು ಎರಡೂ ಬದಿಯ ನಳಿಕೆಗಳಲ್ಲಿ ಹರಿದು ಹೊರಬೀಳುತ್ತದೋ ಇಲ್ಲವೋ ಎಂದು ಎಕ್ಸರೇಯಲ್ಲಿ ನೋಡುತ್ತಾರೆ. ಆ ತಿಂಗಳ ಮುಟ್ಟು ಮುಗಿದ ಒಂದೆರಡು ದಿನದಲ್ಲೇ ಬರಬೇಕು, ಅಲ್ಲಿಯವರೆಗೆ ಗಂಡನಿಂದ ದೂರವಿರಬೇಕು, ಟೆಸ್ಟಿಗೆ ಒಂದು ತಾಸು ಮೊದಲು ನೋವಿನ ಗುಳಿಗೆ ನುಂಗಬೇಕು ಎಂದು ಹೇಳಿದ್ದರು. ಎಲ್ಲವನ್ನೂ ಹೇಳಿದಂತೆ ಮಾಡಿ, ಅತ್ತೆಯ ಜೊತೆ ಕೊಪ್ಪಳದ ಬಸ್ ಹತ್ತಿದೆ.

ಅತ್ತೆಯ ಭರವಸೆ ಬೇರೆ ಕಡೆ ಇತ್ತು. ಎರಡು ವರ್ಷದ ಹಿಂದೆ ಕನಕಗಿರಿ ಸಂತೆಗೆ ಹೋದಾಗ ಒಬ್ಬ ಅಜ್ಜನಿಂದ ತಾಮ್ರದ ತಾಯಿತ ತಂದು, ಕರಿದಾರದಲ್ಲಿ ನನ್ನ ಸೊಂಟಕ್ಕೆ ಕಟ್ಟಿದ್ದರು. "ಬಸರಾಗೂತನಕ ಬಿಚ್ಚಬ್ಯಾಡವಾ. ನನ್ನಾಣಿ," ಅಂದಿದ್ದರು.

ಸ್ಕ್ಯಾನಿಂಗ್ ಸೆಂಟರಿನಲ್ಲಿ ನರ್ಸು ಗೌನು ಕೊಟ್ಟು, "ನೋಡ್ರಿ ಅಕ್ಕಾರ, ಸರ, ಪಿನ್ನು, ಮೈಮ್ಯಾಲಿಂದೆಲ್ಲಾ ತೆಗೀರಿ," ಅಂದಳು. ಎಲ್ಲ ತೆಗೆದೆ. ತಾಯಿತವನ್ನು ಮಾತ್ರ ಬೆನ್ನಿನ ಕಡೆ ಸರಿಸಿ ಮಲಗಿದೆ. ಎಕ್ಸರೇಗೆ ಹಿಂದೇನು, ಮುಂದೇನು! ಔಷಧ ಬಿಡುವ ಮೊದಲು ಒಂದು ಚಿತ್ರ ತೆಗೆಯುತ್ತಾರಂತೆ. ಅದರಲ್ಲೇ ಸಿಕ್ಕಿಬಿದ್ದೆ.

"ಎಡಗಡೆ ಇದೇನ್ರಿ?" ಅಂದರು ಡಾಕ್ಟರಮ್ಮ. ಪರದೆಯ ಮೇಲೆ ನನ್ನ ಎಲುಬುಗಳ ನಡುವೆ ತಾಯಿತ ಹಾಯಾಗಿ ಮಲಗಿತ್ತು. "ಇದು ಇದ್ರ ಆ ಕಡೆ ನಳಿಕಿ ತೆರದೈತೋ ಇಲ್ಲೋ ಗೊತ್ತಾಗಂಗಿಲ್ಲ. ಬಿಚ್ರಿ."

"ನಮ್ಮತ್ತಿ ಆಣಿ ಹಾಕ್ಯಾರ್ರಿ. ಅವರನ್ನ ಕೇಳ್ರಿ."

ನರ್ಸು ಹಣೆ ಚಚ್ಚಿಕೊಳ್ಳುತ್ತ ಹೊರಗೆ ಹೋಗಿ ಅತ್ತೆಯನ್ನು ಕರೆತಂದಳು. ಈಗ ರಾದ್ಧಾಂತವಾಗುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ಅತ್ತೆ ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು.

"ಇದು ಅಡ್ಡ ಬರಾಕತ್ತೈತೇನ್ರಿ?"

"ಹೌದ್ರಿ ಅವ್ವಾರ."

ಎರಡು ವರ್ಷದ ಗಂಟು ಬೆರಳಿಗೆ ಬಗ್ಗಲಿಲ್ಲ. ಅತ್ತೆ ಬಾಗಿ ಹಲ್ಲಿನಿಂದ ದಾರ ಕಡಿದರು. "ಆಣಿ ಹಾಕಿದಾಕಿ ನಾನ, ಬಿಡಿಸಾಕಿನೂ ನಾನ," ಎಂದು ತಾಯಿತವನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು, ನನ್ನ ತಲೆ ಸವರಿ ಹೊರಗೆ ಹೋದರು. ಆ ಕ್ಷಣ ಅವರ ಮೇಲೆ ನನಗೆ ನಿಜವಾಗಿ ಪ್ರೀತಿ ಬಂತು.

ಆಮೇಲೆ ತಣ್ಣನೆಯ ಉಪಕರಣ, ತೆಳ್ಳಗಿನ ಒಂದು ಕೊಳವೆ. ಔಷಧ ಒಳಗೆ ಹೋದಾಗ ಮುಟ್ಟಿನ ಮೊದಲ ದಿನದ ನೋವಿನಂತೆ ಕಿಬ್ಬೊಟ್ಟೆ ಹಿಂಡಿತು. ಕೆಟ್ಟ ನೋವು, ಆದರೆ ಗಳಿಗೆಯದು. ಪರದೆಯಲ್ಲಿ ಬೆಳ್ಳಗಿನ ಮೂರು ಮೂಲೆಯ ಆಕಾರ ಮೂಡಿ, ಎರಡೂ ಬದಿಗೆ ಎಳೆಗಳು ಹೊರಟವು. ಬಲಗಡೆಯದು ಹೊರಗೆ ಚೆಲ್ಲಿತು. ಎಡಗಡೆಯದು ನಡುವೆಯೇ ನಿಂತಿತು. ನಾನು ಟೇಬಲ್ಲಿನ ಅಂಚು ಬಿಗಿಯಾಗಿ ಹಿಡಿದೆ.

"ಮೈ ಬಿಗಿ ಹಿಡೀಬ್ಯಾಡ್ರಿ. ಉಸುರು ಬಿಡ್ರಿ," ಅಂದರು ಡಾಕ್ಟರಮ್ಮ.

ಬಿಟ್ಟೆ. ನಿಂತ ಎಳೆ ನಿಧಾನಕ್ಕೆ ಮುಂದೆ ಸರಿದು, ತಾಯಿತ ಇದ್ದ ಜಾಗದಲ್ಲೇ ಹೊಗೆಯಂತೆ ಹರಡಿತು. "ಎರಡೂ ತೆರದಾವ್ರಿ!" ಅಂದರು. ನಾನು ಅತ್ತೇಬಿಟ್ಟೆ.

ಎರಡು ತಿಂಗಳು ಹೆದರಿದ್ದು ಕಾಲು ತಾಸಿನಲ್ಲಿ ಮುಗಿದಿತ್ತು. ಡಾಕ್ಟರಮ್ಮ ಅತ್ತೆಯನ್ನೂ ಒಳಗೆ ಕರೆದು, ಒಂದೆರಡು ದಿನ ಸ್ವಲ್ಪ ರಕ್ತ ಕಾಣಬಹುದು, ಜ್ವರ ಅಥವಾ ಜೋರು ನೋವು ಬಂದರೆ ತಡಮಾಡದೆ ಬನ್ನಿ ಎಂದರು. ಇದರಿಂದಲೇ ಬಸಿರಾಗುತ್ತದೆ ಎಂದು ಹೇಳಲಾಗದು, ಆದರೆ ದಾರಿ ಚೆನ್ನಾಗಿದೆ ಎಂದರು. ಕೊನೆಗೆ, "ಯಜಮಾನ್ರ ರಿಪೋರ್ಟ್ ಎಲ್ಲೈತ್ರಿ?" ಎಂದು ಕೇಳಿದರು. ನಾನು ನೆಲ ನೋಡಿದೆ. ಅತ್ತೆ ನನ್ನನ್ನು ನೋಡಿದರು.

ಮನೆ ಮುಟ್ಟಿದಾಗ ಗಂಡ ಊಟಕ್ಕೆ ಬಂದಿದ್ದ.

"ಏನಂದ್ರಬೇ?" ಎಂದು ತಾಯಿಯನ್ನು ಕೇಳಿದ.

ಅತ್ತೆ ಎಲೆಅಡಿಕೆ ಚೀಲದಿಂದ ತಾಯಿತ ತೆಗೆದು, ಅವನ ಕೈ ಎಳೆದುಕೊಂಡು ರಟ್ಟೆಗೆ ಬಿಗಿಯಾಗಿ ಕಟ್ಟಿದರು.

"ಆಕಿದು ಎಲ್ಲಾ ಛಲೋ ಐತಂತ. ನಿನ್ನ ಟೆಸ್ಟ್ ಆಗೂತನಕ ಇದನ್ನ ಬಿಚ್ಚಬ್ಯಾಡ. ನನ್ನಾಣಿ."

ಅವನು ಅವ್ವನ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಎದ್ದು, ಕಪಾಟಿನ ಮೇಲೆ ಕೈಯಾಡಿಸಿ ಚೀಟಿ ಹುಡುಕತೊಡಗಿದ.